ಮಾಳಿಗೆಯ ಪಟೇಲನಿಗೆ ನಿವೃತ್ತಿ

ಸುಗಲಾಬಾಯಿಯ ಮೊಮ್ಮಗಳ ಮದುವೆಗೆಂದು ಬೀದರಿನಿಂದ ತರಿಸಿದ್ದ ಹಸಿರು ಜರಿಯ ಕುಬಸದ ಬಟ್ಟೆಯ ಮೇಲೆಯೇ ಬೆಕ್ಕು ಮರಿ ಹಾಕಬೇಕೆ? ಗಡಿಯೂರು ನಾರಾಯಣಖೇಡಿನಲ್ಲಿ ಚಿಂದಿಗೇನು ಬರವಿತ್ತೇ? ಅದೂ ದರ್ಜಿ ಭೀಮಶಾನ ಅಂಗಡಿಯಲ್ಲಿ ಮೂಲೆಮೂಲೆಗೂ ಚಿಂದಿಯ ರಾಶಿ. ಆದರೆ ಬೆಕ್ಕಿಗೆ ಬಟ್ಟೆಯ ಗುಣ ಗೊತ್ತು. ಬುಟ್ಟಿಯಲ್ಲಿದ್ದ ಒರಟು ಮಾಂಜರಪಾಟು ಬಟ್ಟೆಯನ್ನು ಕಾಲಿನಿಂದ ಸರಿಸಿ, ಜರಿಯನ್ನೇ ಹುಡುಕಿಕೊಂಡು, ಅದರ ಮೇಲೆ ಹಾಯಾಗಿ ಮಲಗಿ ನಾಲ್ಕು ಮರಿ ಹಡೆಯಿತು.

ಸುಗಲಾಬಾಯಿ ಬರೇ ಗಿರಾಕಿಯಾಗಿದ್ದರೆ ಕೈಕಾಲು ಹಿಡಿದು ಹೇಗೋ ಸಮಾಧಾನ ಮಾಡಬಹುದಿತ್ತು. ಆಕೆ ಮನೆಯ ಮಾಲಕಿ. ಬಸ್ ಸ್ಟ್ಯಾಂಡಿನ ದಾರಿಗೆ ಮುಖ ಮಾಡಿದ ಆಕೆಯ ಕಟ್ಟೆಯ ಮೇಲೆ ಭೀಮಶಾನ ಹೊಲಿಗೆ ಮಷಿನು, ಒಳಗಿನ ಖೋಲಿಯಲ್ಲಿ ಅವನ ಸಂಸಾರ. ಹಳ್ಳಿಯಿಂದ ಬಂದು ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುವುದೇ ಆ ಕಟ್ಟೆ. ಅದು ಕೈಬಿಟ್ಟರೆ ಭೀಮಶಾನ ಹೊಟ್ಟೆಪಾಡೂ ಕೈಬಿಟ್ಟಂತೆಯೇ.

ಜರಿಯ ದುಃಖವನ್ನು ಸುಗಲಾಬಾಯಿ ಹೇಗೋ ನುಂಗಿಕೊಂಡಳು. ಆದರೆ ಆ ಮರಿಗಳು ತೊಡರುಗಾಲು ಹಾಕುತ್ತ ಓಡಾಡಲು ಕಲಿಯುವಷ್ಟರಲ್ಲಿ, ಒಂದು ಮುಂಜಾನೆ ಮಾಳಿಗೆಯ ಮೇಲೆ ಮತ್ತೆ ಗಂಡು ಬೆಕ್ಕಿನ ಹಾಡು ಶುರುವಾಯಿತು. ಮುಖ ತೊಳೆಯುತ್ತಿದ್ದವಳು ತಂಬಿಗೆ ಹಿಡಿದುಕೊಂಡೇ ಕಟ್ಟೆಗೆ ಬಂದಳು.

“ಭೀಮಶಾ, ಕೇಳಸ್ಲಿಕತ್ತದೋ ಇಲ್ಲೋ? ನಿನ್ನ ಬೆಕ್ಕಿಗಿ ಮತ್ತ ವರ ಬಂದಾನ.”

“ಬೆಕ್ಕು ನಂದಲ್ರೀ ಅವ್ವ. ಅದು ಓಣಿದು.”

“ಹಡೀಲಾಕ ನಿನ್ನ ಬುಟ್ಟಿ ಬೇಕು, ಹೆಸರಿಗಿ ಓಣಿದಾ? ಕೇಳಿಲ್ಲಿ. ಇವತ್ತು ದೀಪ ಹಚ್ಚೂದರೊಳಗ ಇದಕ್ಕ ಏನರೆ ಬಂದೋಬಸ್ತ್ ಮಾಡು. ಇಲ್ಲಂದ್ರ ನಾಳಿಗಿ ಮಷಿನ್ ಹೊತ್ಕೊಂಡು ನಡಿ. ನನ್ನ ಮನಿ ಏನು ಬೆಕ್ಕಿನ ಬಾಣಂತನದ ಮನಿ ಅಲ್ಲ!”

ಸುಗಲಾಬಾಯಿ ಸಿಟ್ಟಿನ ಹೆಂಗಸು, ಕೆಟ್ಟ ಹೆಂಗಸಲ್ಲ. ಆದರೆ ಆಡಿದ ಮಾತು ತಿರುಗಿಸುವ ಅಭ್ಯಾಸ ಆಕೆಗಿರಲಿಲ್ಲ. ಇದು ಭೀಮಶಾನಿಗೆ ಚೆನ್ನಾಗಿ ಗೊತ್ತಿತ್ತು.

ಬೆಕ್ಕನ್ನು ಓಡಿಸುವ ಉಪಾಯವನ್ನು ಅವನು ಹಿಂದೆಯೇ ಮಾಡಿ ನೋಡಿದ್ದ. ಚೀಲದಲ್ಲಿ ಹಾಕಿ ಊರ ಹೊರಗೆ ಬಿಟ್ಟು, ದಾರಿಯಲ್ಲಿ ಒಂದು ಚಹಾ ಕುಡಿದು ಮನೆಗೆ ಬಂದರೆ, ಬೆಕ್ಕು ಅವನಿಗಿಂತ ಮೊದಲೇ ಬಂದು ಮಷಿನಿನ ಕೆಳಗೆ ಮಲಗಿತ್ತು. ಇನ್ನು ಮರಿಗಳನ್ನು ಎಸೆಯುವುದಂತೂ ಅವನ ಕೈಯಲ್ಲಾಗುವ ಕೆಲಸವೇ ಅಲ್ಲ. ಹಿಂದಿನ ಸಲದ ಮರಿಗಳಲ್ಲಿ ಒಂದು ಲಾರಿಯ ಕೆಳಗೆ ಹೋಗಿತ್ತು, ಉಳಿದವನ್ನು ನಾಯಿಗಳು ಹರಿದು ಹಾಕಿದ್ದವು. ಭೀಮಶಾ ಅವನ್ನು ಹೊಸ ಛೀಟಿನ ಬಟ್ಟೆಯ ತುಂಡುಗಳಲ್ಲಿ ಸುತ್ತಿ ಬೇವಿನ ಮರದ ಬುಡದಲ್ಲಿ ಹೂಳಿದ್ದ. ಆಮೇಲೆ ಬಹಳ ದಿನ ಅವನಿಗೆ ಊಟ ರುಚಿಸಿರಲಿಲ್ಲ. ಹುಟ್ಟುವುದು ಸಾಯಲಿಕ್ಕೇ ಆದರೆ ಹುಟ್ಟುವುದಾದರೂ ಯಾಕೆ ಎಂದು ಹೆಂಡತಿ ಜನಾಬಾಯಿಯ ಹತ್ತಿರ ಕೇಳಿದ್ದ. ಅವಳಿಗೂ ಉತ್ತರ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಪ್ಯಾಂಟು ಹೊಲಿಸಲು ಬಂದ ದನದ ದವಾಖಾನೆಯ ಡಾಕ್ಟರಿಂದ. ಗೋದಾವರಿ ಕಡೆಯವರು, ಇನ್ನೂ ತರುಣರು, ಕನ್ನಡವನ್ನು ತೆಲುಗಿನ ಒಗ್ಗರಣೆ ಹಾಕಿ ಮಾತಾಡುತ್ತಿದ್ದರು.

“ಆಪರೇಷನ್ ಮಾಡಿದ್ರೆ ಆಯ್ತು ಕದಾ, ಮರಿ ಆಗೋದೇ ಇಲ್ಲ. ಹೆಣ್ಣಿಗಾದ್ರೆ ಹೊಟ್ಟೆ ಕೊಯ್ಯಬೇಕು, ಆ ಸಾಮಾನು ನನ್ನ ಹತ್ರ ಇಲ್ಲ, ಹೈದರಾಬಾದಿಗೆ ಒಯ್ಯಬೇಕು. ಗಂಡು ಬೆಕ್ಕಾದ್ರೆ ತಗೊಂಡು ಬಾ. ಸಣ್ಣ ಕೆಲಸ.”

ಭೀಮಶಾ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಲೆಕ್ಕ ಹಾಕಿದ. ಓಣಿಯಲ್ಲಿ ಹೆಣ್ಣು ಬೆಕ್ಕು ಎಷ್ಟಾದರೂ ಇರಲಿ, ಗಂಡು ಮಾತ್ರ ಒಂದೇ. ಬೇರನ್ನೇ ಕಿತ್ತ ಮೇಲೆ ಬಳ್ಳಿ ಹಬ್ಬುವುದು ಎಲ್ಲಿಂದ? ಆಹಾ, ಎಂಥ ಲೆಕ್ಕ! ಸುಗಲಾಬಾಯಿಯ ಗಡುವು ಬಿದ್ದ ಆ ಮುಂಜಾನೆ ಅವನಿಗೆ ಈ ಲೆಕ್ಕವೇ ನೆನಪಾಯಿತು.

ಆ ಒಂದು ಗಂಡು ಬೆಕ್ಕನ್ನು ಓಣಿಯವರು ಪಟೇಲ ಎಂದು ಕರೆಯುತ್ತಿದ್ದರು. ಮಡಕೆಯಂಥ ತಲೆ, ಹರಿದ ಕಿವಿ, ಮಾಳಿಗೆಯಿಂದ ಮಾಳಿಗೆಗೆ ಹೊತ್ತುಹೊತ್ತಿಗೆ ಗಸ್ತು. ಅದು ಗೋಡೆಯ ಮೇಲೆ ನಡೆದರೆ ಕೆಳಗಿನ ನಾಯಿಗಳು ತಾವೇ ದಾರಿ ಬಿಡುತ್ತಿದ್ದವು. ಎಲ್ಲರ ಮನೆಯ ಹಾಲೂ ಅದರದೇ, ಅದು ಮಾತ್ರ ಯಾರ ಮನೆಯದೂ ಅಲ್ಲ.

ಜನಾಬಾಯಿ ಹಿಂದಿನ ಓಣಿಯ ಮೈಸಮ್ಮನ ಹತ್ತಿರ ಹೋಗಿ ಕೋಳಿ ಮುಚ್ಚುವ ಬುಟ್ಟಿಯನ್ನೂ ಒಂದಿಷ್ಟು ಒಣಮೀನನ್ನೂ ತಂದಳು. ಮೀನನ್ನು ಬುಟ್ಟಿಯಡಿ ಇಟ್ಟು, ಬುಟ್ಟಿಗೆ ಕೋಲಿನ ಆಸರೆ ಕೊಟ್ಟು, ಕೋಲಿಗೆ ದಾರ ಕಟ್ಟಿ, ಗಂಡ ಹೆಂಡತಿ ಬಾಗಿಲ ಮರೆಯಲ್ಲಿ ಕೂತರು. ಪಟೇಲ ಬರುವ ಮೊದಲು ವಾಸನೆ ಓಣಿಯನ್ನೆಲ್ಲ ಒಂದು ಸುತ್ತು ಹಾಕಿ ಬಂತು. ಮೀನಿನ ಹೆಸರನ್ನೂ ಎತ್ತದ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಪಟೇಲ ಮಾತ್ರ ಕರೆದ ಕೂಡಲೇ ಬರುವ ಸಣ್ಣ ಮನುಷ್ಯನಲ್ಲ. ಗೋಡೆಯ ಮೇಲೆ ಕೂತು ಮೊದಲು ಮೈ ನೆಕ್ಕಿಕೊಂಡಿತು. ಆಮೇಲೆ ಇಳಿದು ಬಂದು, ಬುಟ್ಟಿಯನ್ನು ಸುತ್ತಿ ನೋಡಿ, ಕಡೆಗೆ ಒಳಗೆ ಹೊಕ್ಕಿತು. ಭೀಮಶಾ ದಾರ ಎಳೆದ. ಅಷ್ಟೆ, ಬುಟ್ಟಿ ತಾನೇ ಅಂಗಳ ತುಂಬ ಓಡಾಡತೊಡಗಿತು. ಅದರ ಮೇಲೆ ಬಿದ್ದು, ಕೆಳಗೊಂದು ಮರದ ಹಲಗೆ ಸರಿಸಿ, ಹಗ್ಗ ಬಿಗಿಯುವಷ್ಟರಲ್ಲಿ ಭೀಮಶಾನ ಎರಡೂ ಕೈಗಳ ಮೇಲೆ ಪಟೇಲನ ಸಹಿ ಬಿದ್ದಿತ್ತು.

“ಅರಿಶಿಣ ಹಚ್ಚಲೇನ್ರಿ?” ಎಂದಳು ಜನಾಬಾಯಿ ಮರುಕದಿಂದ.

“ಈಗ ಬ್ಯಾಡ. ಹೋಗಿ ಬಂದ ಮ್ಯಾಲ ಎಲ್ಲಾ ಕೂಡೇ ಹಚ್ಚು.”

ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅವನು ದಾರಿಗಿಳಿದದ್ದಕ್ಕೂ, ಪಕ್ಕದ ಮನೆಯ ಮನ್ಮಥಪ್ಪ ಹೊಸ್ತಿಲು ದಾಟಿದ್ದಕ್ಕೂ ಸರಿಹೋಯಿತು. ಮನ್ಮಥಪ್ಪ ತೊಗರಿಯ ಅಡತಿ ವ್ಯಾಪಾರಿ. ಮಗನಿಗೆ ಹೆಣ್ಣು ಗೊತ್ತು ಮಾಡಲು ಜಹೀರಾಬಾದಿಗೆ ಹೊರಟಿದ್ದ. ತಲೆಗೆ ರೇಶಿಮೆಯ ರುಮಾಲು, ಹಣೆಗೆ ವಿಭೂತಿ, ಕೈಯಲ್ಲಿ ತೆಂಗಿನಕಾಯಿಯ ಚೀಲ. ಭೀಮಶಾ ಅವನ ಮುಂದೆಯೇ ಎಡದಿಂದ ಬಲಕ್ಕೆ ಹಾದುಹೋದ. ಬುಟ್ಟಿಯೊಳಗಿಂದ ಪಟೇಲ ದೊಡ್ಡದಾಗಿ ಒಮ್ಮೆ ಕೂಗಿತು.

ಮನ್ಮಥಪ್ಪ ನಿಂತಲ್ಲೇ ನಿಂತ. “ಬುಟ್ಯಾಗ ಏನದ?”

“ಬೆಕ್ಕು ಅದರಿ.”

“ಶಿವಶಿವಾ! ಶುಭಕಾರ್ಯಕ್ಕ ಹೊಂಟೀನಿ, ಬೆಕ್ಕು ಅಡ್ಡ ಬಿಟ್ಟೆಲ್ಲೋ!”

“ಬೆಕ್ಕು ಅಡ್ಡ ಬಂದಿಲ್ರಿ, ನಾ ಬಂದೀನಿ. ಅದು ಸುಮ್ಮ ಕೂತದ.”

“ನೀ ಎತ್ಲಾಗ ಹೋದ್ರ ಅದೂ ಅತ್ಲಾಗೇ ಹೋಗ್ತದಲ್ಲ? ತಿರುಗಿ ಬಾ. ಬಂದ ದಾರೀಲೇ ಹಿಂದಕ್ಕ ಬಾ, ಅಂದ್ರ ಬರೋಬ್ಬರಿ ಆಗ್ತದ.”

ಭೀಮಶಾ ಬಡಪಾಯಿ, ಹಿಂದಕ್ಕೆ ಬಂದ. ಎದುರಿನ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತಿದ್ದ ಮಂದಿಯಲ್ಲಿ ಒಬ್ಬ, “ಈಗ ಎಡ್ಡು ಸಲ ಅಡ್ಡ ಆತಲ್ರಿ” ಎಂದ. ಇನ್ನೊಬ್ಬ, “ಎಡ್ಡು ಸಲ ಅಂದ್ರ ವಜಾ ಆತು” ಎಂದ. ಮತ್ತೊಬ್ಬ, ಹಿಂದು ಮುಂದಾಗಿ ನಡೆದಿದ್ದರೆ ಮಾತ್ರ ವಜಾ ಆಗುತ್ತಿತ್ತೆಂದೂ, ಭೀಮಶಾ ಮುಖ ತಿರುಗಿಸಿ ನಡೆದದ್ದರಿಂದ ದೋಷ ಕೂಡಿತೆಂದೂ ತೀರ್ಪು ಕೊಟ್ಟ. ಮನ್ಮಥಪ್ಪ ಒಳಗೆ ಹೋಗಿ ಕೂತು, ನೀರು ಕುಡಿದು, ದೇವರಿಗೆ ಕೈಮುಗಿದು, ಹೊಸದಾಗಿ ಹೊರಟು ಬಂದ. ಆಗಲೂ ವಾದ ಮುಗಿದಿರಲಿಲ್ಲ, ಭೀಮಶಾ ಎತ್ತಲೂ ಹೋಗಲಾರದೆ ಬಾಗಿಲೆದುರೇ ಬುಟ್ಟಿ ಹೊತ್ತು ನಿಂತಿದ್ದ. ಜಹೀರಾಬಾದಿನ ಬಸ್ಸು ಮಾತ್ರ ಯಾರ ವಾದಕ್ಕೂ ಕಾಯದೆ ಧೂಳೆಬ್ಬಿಸಿ ಹೊರಟುಹೋಯಿತು.

ಬಸ್ಸು ತಪ್ಪಿದ ಮನುಷ್ಯನಿಗೆ ದಿನವೆಲ್ಲ ಪುರಸತ್ತು. “ಅಲ್ಲ, ಈ ಬೆಕ್ಕು ತಗೊಂಡು ಹೊಂಟೀ ಎಲ್ಲಿಗಿ?” ಎಂದು ಮನ್ಮಥಪ್ಪ ಭೀಮಶಾನ ಬೆನ್ನಿಗೆ ಬಿದ್ದ.

ಭೀಮಶಾ ಹೇಳಿದ. ಹೇಳಬಾರದಾಗಿತ್ತು.

ಜೀಪಿನ ಕಾಲ ಮುಗಿದು ಇನ್ನೂ ಬಹಳ ದಿನವಾಗಿರಲಿಲ್ಲ. ಸರಕಾರದ ಮಂದಿ ಜೀಪಿನಲ್ಲಿ ಬಂದು, ಸಿಕ್ಕ ಗಂಡಸರನ್ನು ಹತ್ತಿಸಿಕೊಂಡು ಹೋಗಿ ಕುಟುಂಬ ಯೋಜನೆಯ ಆಪರೇಷನ್ ಮಾಡಿಸುತ್ತಿದ್ದ ಕಾಲ ಅದು. ಆಗ ಮನ್ಮಥಪ್ಪ ತೊಗರಿಯನ್ನು ತೂಗುವುದು ಬಿಟ್ಟು ತೊಗರಿಯ ಹೊಲದಲ್ಲೇ ವಾಸವಾಗಿದ್ದ. ಇಂದಿಗೂ ದೂರದಲ್ಲಿ ಜೀಪಿನ ಸದ್ದು ಕೇಳಿದರೆ ಅವನ ಕೈ ತನ್ನಷ್ಟಕ್ಕೆ ಧೋತರದ ಗಂಟು ಬಿಗಿಮಾಡುತ್ತಿತ್ತು. ಅಂಥವನಿಗೆ ಬುಟ್ಟಿಯೊಳಗಿನ ಜೀವದ ಮೇಲೆ ಒಮ್ಮೆಲೇ ಬಂಧುಪ್ರೇಮ ಉಕ್ಕಿ ಬಂತು.

“ಇದು ಅನ್ಯಾಯ ಭೀಮಶಾ! ನಮ್ಮ ಓಣಿ ಪಟೇಲಗ? ಅದರ ಒಪ್ಪಿಗಿ ಕೇಳೀಯೇನು?”

“ಅದು ಓಣಿದು ಅಂತ ನೀವು ಇವತ್ತೇ ಹೇಳಿದ್ರಿ ನೋಡ್ರಿ. ನಿನ್ನಿ ತನಕ ಅದಕ್ಕ ಕಟಗಿ ಒಗೀತಿದ್ರಿ.”

“ಹಾಲು ಕುಡದ್ರ ಕಟಗಿ ಒಗೀಬೇಕು, ಅದು ಬ್ಯಾರೆ ಮಾತು. ಅದರ ಗಂಡಸ್ತನಕ್ಕ ಕೈ ಹಾಕೂದು ಅಂದ್ರ ಏನು!”

ಬಜಾರಿಗೆ ಬರುವಷ್ಟರಲ್ಲಿ ಬುಟ್ಟಿಯ ಹಿಂದೆ ಮೆರವಣಿಗೆಯೇ ಕೂಡಿತ್ತು. ಬೇಳೆ ಅಂಗಡಿಯವರು, ಹಮಾಲರು, ಚಹಾ ಕುಡಿಯುತ್ತಿದ್ದವರು, ಎಲ್ಲ ಗಂಡಸರೇ. ಎಲ್ಲರ ಮುಖದಲ್ಲೂ ಹತ್ತಿರದವರಿಗೆ ಕಾಯಿಲೆಯಾದಂಥ ಕಳೆ. ಹೆಂಗಸರು ಮಾತ್ರ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಒಬ್ಬ ಮುದುಕಿಯಂತೂ ಭೀಮಶಾನನ್ನು ನಿಲ್ಲಿಸಿ, “ಪುಣ್ಯದ ಕೆಲಸ ಮಾಡ್ಲಿಕತ್ತೀ ನನ್ನಪ್ಪ, ನಡಿ” ಎಂದು ಬೆನ್ನು ಚಪ್ಪರಿಸಿದಳು.

ದವಾಖಾನೆಯ ಅಂಗಳದಲ್ಲಿ ರೈತರು ಹೋರಿಗಳನ್ನು ಕಟ್ಟಿಕೊಂಡು ಕೂತಿದ್ದರು. ಅವರು ಬಂದದ್ದೂ ಅದೇ ಕೆಲಸಕ್ಕೆ. ಹೋರಿಯ ಬೀಜ ಒಡೆಸಿದರೆ ತಾನೇ ಅದು ಎತ್ತಾಗಿ ನೇಗಿಲು ಎಳೆಯುವುದು? ಆದರೂ ಬುಟ್ಟಿಯ ಸುದ್ದಿ ಕೇಳಿದ ಕೂಡಲೇ ಅವರೂ “ಪಾಪ, ಪಾಪ” ಎಂದು ಲೊಚಗುಟ್ಟಿದರು.

“ನಿಮ್ಮ ಹೋರಿಗಿ ಇಲ್ಲದ ಪಾಪ ಬೆಕ್ಕಿಗಿ ಎಲ್ಲಿಂದ ಬಂತ್ರಿ?” ಎಂದ ಭೀಮಶಾ.

ಅವರ ಪರವಾಗಿ ಮನ್ಮಥಪ್ಪನೇ ವಕಾಲತ್ತು ವಹಿಸಿದ. “ಹೋರಿ ದುಡೀಬೇಕು, ಅದಕ್ಕ ಮಾಡಿಸ್ತಾರ. ಈ ಬಡಪಾಯಿ ಯಾರ ನೇಗಿಲ ಎಳೀಬೇಕಾಗ್ಯಾದ? ಬಿಟ್ಟುಬಿಡು. ಮರಿ ಹುಟ್ಟಿದ್ರ ಹುಟ್ಟಲಿ. ದೇವರು ಹುಟ್ಟಿಸ್ತಾನ, ದೇವರೇ ನೋಡ್ಕೋತಾನ.”

ಭೀಮಶಾ ಬುಟ್ಟಿ ಕೆಳಗಿಟ್ಟ. ಅವನು ಹೆಚ್ಚು ಮಾತಿನವನಲ್ಲ. ಗಿರಾಕಿ ಬೈದರೂ ಬಾಯಲ್ಲಿ ಸೂಜಿ ಕಚ್ಚಿಕೊಂಡು ಸುಮ್ಮನಿರುವವನು. ಆದರೆ ಆಗ ಮನ್ಮಥಪ್ಪನ ಕಡೆ ತಿರುಗಿ ಬಾಯಿಬಿಟ್ಟ.

“ದೇವರು ನೋಡ್ಕೊಂಡಿದ್ದು ನಾ ನೋಡೀನ್ರಿ. ನಾಯಿ ಹರದಾವು, ಲಾರಿ ಹಾದದ. ಹೋದ ಸಲದ ಮರಿ ಹೂಳಾಗ ನಿಮ್ಮಾಗ ಒಬ್ಬರೂ ಬಂದಿಲ್ಲ. ಆ ತಾಯಿ ಮೂರು ದಿನ ಬುಟ್ಟಿ ಸುತ್ತಾ ಒದರಿಕೋತ ತಿರಗ್ಯಾದ. ನನ್ನ ಕಿವಿ ನನಗ ಸಾಕಾಗ್ಯಾವು. ಇನ್ನ ಹುಟ್ಟೂದು ಬ್ಯಾಡ, ಸಾಯೂದೂ ಬ್ಯಾಡ.”

ಮನ್ಮಥಪ್ಪ ತೆಂಗಿನಕಾಯಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ. ಡಾಕ್ಟರು ಹೊರಗೆ ಬಂದು, “ಒಳಗೆ ತಗೊಂಡು ಬಾ ಭೀಮಶಾ” ಎಂದರು.

ಒಳಗೆ ಕಂಪೌಂಡರ್ ಪೋಚಪ್ಪ ಸೂಜಿ ಕುದಿಸಿ ಸಿದ್ಧವಾಗಿದ್ದ. ಎಂಥ ಹೋರಿಯನ್ನಾದರೂ ಹಗ್ಗ ಹಾಕಿ ಕೆಡವುವ ಆಳು. ಬುಟ್ಟಿಯ ಸಂದಿಯಲ್ಲಿ ಹೊಳೆಯುವ ಎರಡು ಕಣ್ಣು ನೋಡಿ ಹಿಂದೆ ಸರಿದ.

“ಸಾಬ್, ಹೋರಿ ಅಂದ್ರ ಕೋಡು ಹಿಡೀಬಹುದು, ಮೂಗುದಾಣಿ ಹಿಡೀಬಹುದು. ಇದಕ್ಕ ಹಿಡಿಯಾಕ ಏನದ?”

“ಕುತ್ತಿಗೆ ಹಿಂದಿನ ತೊಗಲು ಹಿಡಿ,” ಎಂದರು ಡಾಕ್ಟರು, ತಾವೂ ಒಂದು ಹೆಜ್ಜೆ ಹಿಂದೆ ಸರಿಯುತ್ತ.

ಪೋಚಪ್ಪ ಕಣ್ಣು ಮುಚ್ಚಿ ಬುಟ್ಟಿಯೊಳಗೆ ಕೈ ಹಾಕಿದ. ಹಿಡಿಯಬೇಕಾದ್ದು ಕುತ್ತಿಗೆ, ಸಿಕ್ಕಿದ್ದು ಬಾಲ. ಮುಂದೆ ಏನಾಯಿತೆಂದು ಸರಿಯಾಗಿ ನೋಡಿದವರು ಯಾರೂ ಇಲ್ಲ. ಬುಟ್ಟಿ ಒಂದು ಕಡೆ, ಹಲಗೆ ಇನ್ನೊಂದು ಕಡೆ, ಪಟೇಲ ಔಷಧದ ಕಪಾಟಿನ ನೆತ್ತಿಯ ಮೇಲೆ. ದನಗಳ ಹೊಟ್ಟೆನೋವಿನ ಶೀಶೆಗಳು ಒಂದರ ಹಿಂದೊಂದು ಉರುಳಿ ಖೋಲಿಯೆಲ್ಲ ಇಂಗು, ಸೋಂಪಿನ ವಾಸನೆ. ಕಿಟಕಿಯಲ್ಲಿ ಇಣುಕುತ್ತಿದ್ದ ಮಂದಿ “ಭಲೇ ಪಟೇಲ!” ಎಂದು ಚಪ್ಪಾಳೆ ತಟ್ಟಿದರು.

ಮನ್ಮಥಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. ಬಾಗಿಲು ದೂಡಿಕೊಂಡು ಒಳಗೆ ಬಂದು, ಎರಡೂ ತೋಳು ಚಾಚಿ ಕಪಾಟಿನ ಕೆಳಗೆ ನಿಂತ. “ಬಾ ನನ್ನಪ್ಪ, ಬಾ. ನಾ ಇದ್ದೀನಿ. ನಿನಗ ಯಾರೂ ಏನೂ ಮಾಡಂಗಿಲ್ಲ.”

ಪಟೇಲ ಅವನ ಮಾತು ನಂಬಿತೋ, ಅಥವಾ ಅಲ್ಲಿದ್ದುದರಲ್ಲಿ ಮೆತ್ತಗಿನ ಜಾಗ ಅವನ ರುಮಾಲೇ ಎಂದುಕೊಂಡಿತೋ, ಅಲ್ಲಿಂದ ನೇರ ಅವನ ತಲೆಯ ಮೇಲೆ ಹಾರಿತು. ಅದರ ನಾಲ್ಕೂ ಕಾಲಿನ ಉಗುರು ರೇಶಿಮೆಯಲ್ಲಿ ಸಿಕ್ಕಿಕೊಂಡವು. ಬಿಡಿಸಿಕೊಳ್ಳಲು ಅದು ಎಳೆದಷ್ಟೂ ರುಮಾಲು ಬಿಚ್ಚುತ್ತ ಹೋಯಿತು, ಬಿಚ್ಚಿದಷ್ಟೂ ಉಗುರು ಕಿವಿಗೂ ಕೊರಳಿಗೂ ಇಳಿಯುತ್ತ ಬಂದವು. ಮನ್ಮಥಪ್ಪ ಖೋಲಿಯ ನಡುವೆ ಬುಗುರಿಯಂತೆ ತಿರುಗುತ್ತ ಕೂಗಿದ:

“ಡಾಕ್ಟರ್ ಸಾಬ್, ನೋಡ್ಕೋತ ನಿಂತೀರೇನು? ಕೊಯ್ರಿ! ಜಲ್ದಿ ಕೊಯ್ರಿ! ಎಲ್ಲಾ ಕೊಯ್ದು ಒಗೀರಿ!”

ಭೀಮಶಾ ನುಗ್ಗಿ ಬಂದು, ಜಾರಿದ ರುಮಾಲಿನಲ್ಲೇ ಪಟೇಲನನ್ನು ಸುತ್ತಿ ಎದೆಗೆ ಅವಚಿಕೊಂಡ. ಡಾಕ್ಟರು ರುಮಾಲಿನ ಸಂದಿಯಿಂದಲೇ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಪಟೇಲನ ಕಣ್ಣು ಮಂಜಾಯಿತು, ತಲೆ ಭೀಮಶಾನ ತೋಳಿನ ಮೇಲೆ ಒರಗಿತು. ಆ ಮಡಕೆಯಂಥ ತಲೆ ಅಷ್ಟು ಹಗುರವಾಗಿರುತ್ತದೆಂದು ಭೀಮಶಾ ಎಣಿಸಿರಲಿಲ್ಲ. ಅವನಿಗೆ ಅದರ ಮೇಲೂ ಕರುಣೆ ಬಂತು. ಡಾಕ್ಟರು ಹೇಳಿದಂತೆಯೇ ಅದು ಸಣ್ಣ ಕೆಲಸ. ಪೋಚಪ್ಪನ ಗಾಯಕ್ಕೆ ಮುಲಾಮು ಹಚ್ಚಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ತಿರುಗಿ ಬರುವಾಗ ಮೆರವಣಿಗೆ ಇರಲಿಲ್ಲ. ಗಂಡಸರೆಲ್ಲ ಬೇರೆ ಬೇರೆ ದಾರಿ ಹಿಡಿದಿದ್ದರು. ಮನ್ಮಥಪ್ಪ ಬೋಳುತಲೆಗೆ ವಸ್ತ್ರ ಹೊದ್ದು, ಮುಖಕ್ಕೆ ಕೆಂಪು ಔಷಧ ಹಚ್ಚಿಸಿಕೊಂಡು ಭೀಮಶಾನ ಜೊತೆಗೇ ನಡೆದ. ಈ ಮುಖ ಹೊತ್ತು ಹೆಣ್ಣು ಕೇಳಲು ಹೋಗುವಂತಿರಲಿಲ್ಲ.

ಸಂಜೆ ಸುಗಲಾಬಾಯಿ ದೀಪ ಹಚ್ಚಿ, ಅದೇ ದೀಪ ಹಿಡಿದುಕೊಂಡು ಕಟ್ಟೆಗೆ ಬಂದಳು. ಪಟೇಲ, ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಮನ್ಮಥಪ್ಪನ ರೇಶಿಮೆ ರುಮಾಲಿನಲ್ಲಿ ಮಲಗಿತ್ತು. ಓಣಿಯ ಹೆಣ್ಣು ಬೆಕ್ಕು ಜನಾಬಾಯಿಯ ಕಾಲ ಹತ್ತಿರ ಮರಿಗಳಿಗೆ ಹಾಲೂಡಿಸುತ್ತಿತ್ತು.

“ಖರೇನ ಆತೇನು?”

“ಆತ್ರೀ ಅವ್ವ. ಇನ್ನ ಇದರಿಂದ ಒಂದೂ ಮರಿ ಆಗಂಗಿಲ್ಲ.”

ಸುಗಲಾಬಾಯಿ ದೀಪ ತಗ್ಗಿಸಿ ಪಟೇಲನನ್ನು ನೋಡಿದಳು, ಭೀಮಶಾನ ಕೈ ನೋಡಿದಳು, ಗೋಡೆಯಾಚೆ ಕೂತಿದ್ದ ಮನ್ಮಥಪ್ಪನ ಮುಖವನ್ನೂ ನೋಡಿದಳು. ಆಕೆಯ ಮನಸ್ಸು ಕರಗಿತು.

“ಹುಷಾರ ಇದ್ದೀ ಬಿಡು. ಇಷ್ಟು ವರ್ಷ ಈ ಓಣ್ಯಾಗ ಯಾರಿಗೂ ಆಗದ್ದು ನೀ ಮಾಡ್ದಿ. ಇರು, ಎಲ್ಲಿಗೂ ಹೋಗಬ್ಯಾಡ. ಇದು ನಿನ್ನದೇ ಕಟ್ಟಿ ಅಂತ ತಿಳ್ಕೋ.” ಒಳಗೆ ಹೋಗಿ ಒಂದು ಬಟ್ಟಲು ಹಾಲು ತಂದು ಪಟೇಲನ ಮುಂದಿಟ್ಟಳು. ಜನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭೀಮಶಾ ಮುಂಜಾನೆಯಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟ.

ಆಗ ಮಾಳಿಗೆಯ ಮೇಲೆ ಹಾಡು ಕೇಳಿಸಿತು.

ಎಲ್ಲರೂ ಹಲಗೆಯ ಕಡೆ ನೋಡಿದರು. ಪಟೇಲ ಅಲ್ಲೇ ಇತ್ತು. ತಲೆ ಎತ್ತಿ ಮಾಳಿಗೆ ನೋಡಿದರೆ, ಅಂಚಿನ ಕುಂಬಿಯ ಮೇಲೆ ಒಂದು ಕರಿ ಬೆಕ್ಕು. ಕಟುಕರ ಓಣಿಯದು, ಆಳೆತ್ತರದ ದನಿ. ಅದರ ಪಕ್ಕಕ್ಕೆ ಬೇಳೆ ಗಿರಣಿಯ ಕೆಂಪು ಬೆಕ್ಕು ಬಂದು ನಿಂತಿತು. ಮೂರನೆಯದು, ಬಸ್ ಸ್ಟ್ಯಾಂಡಿನ ಹೋಟೆಲಿನದು, ಮನ್ಮಥಪ್ಪನ ಮಾಳಿಗೆಯಿಂದ ನೆಗೆದು ಬಂತು. ಮೂರೂ ಗಂಡು.

“ಇವ್ರ್ಯಾರೋ ಭೀಮಶಾ?” ಸುಗಲಾಬಾಯಿ ದೀಪವನ್ನು ಮಾಳಿಗೆಯ ಕಡೆ ಎತ್ತಿ ಹಿಡಿದಳು.

ಇಷ್ಟು ವರ್ಷ ಈ ಓಣಿಯಲ್ಲಿ ಗಂಡು ಬೆಕ್ಕು ಒಂದೇ ಯಾಕಿತ್ತು ಎಂಬುದು ಭೀಮಶಾನಿಗೆ ಆಗ ಹೊಳೆಯಿತು. ಪಟೇಲ ಹೊತ್ತುಹೊತ್ತಿಗೆ ಗಸ್ತು ತಿರುಗಿ, ಕಿವಿ ಹರಿದುಕೊಂಡು, ಮತ್ತೊಂದು ಗಂಡಿಗೆ ಇಲ್ಲಿ ಕಾಲಿಡಗೊಟ್ಟಿರಲಿಲ್ಲ. ಭೀಮಶಾ ಆಸೆಯಿಂದ ಹಲಗೆಯ ಕಡೆ ತಿರುಗಿದ. ಪಟೇಲ ಒಂದು ಕಣ್ಣು ತೆರೆದು ಕುಂಬಿಯ ಮೇಲಿದ್ದವರನ್ನು ನೋಡಿತು. ಆಕಳಿಸಿತು. ಮಗ್ಗುಲು ಬದಲಿಸಿ ರುಮಾಲಿನೊಳಗೆ ಮೂತಿ ಹುದುಗಿಸಿಕೊಂಡಿತು.

ಗೋಡೆಯಾಚೆಯಿಂದ ಮನ್ಮಥಪ್ಪ ಮುಂಜಾನೆಯಿಂದ ಮೊದಲ ಸಲ ಹಗುರವಾದ ದನಿಯಲ್ಲಿ ಹೇಳಿದ: “ಪಟೇಲ್ಕಿ ಖಾಲಿ ಆತಲ್ಲೋ ಭೀಮಶಾ. ಉಮೇದವಾರರು ಬಂದಾರ.”

ಸುಗಲಾಬಾಯಿ ಬಗ್ಗಿ ಹಾಲಿನ ಬಟ್ಟಲನ್ನು ಎತ್ತಿಕೊಂಡಳು. “ನಾಳಿಗಿ ಈ ಮೂರೂ ಒಯ್ಯಿ. ಇಲ್ಲಂದ್ರ ಮಷಿನ್ ಒಯ್ಯಿ.”

“ಇವ ಮೂರೂ ಒಯ್ದ್ರ ಇನ್ನ ಯಾವ ಊರಿಂದ ಬರ್ತಾವೋ ಏನೋ ರೀ ಅವ್ವ...” ಎಂದು ಭೀಮಶಾ ಶುರು ಮಾಡಿದ. ಆದರೆ ಕೇಳಲು ಆಕೆ ಅಲ್ಲಿರಲಿಲ್ಲ. ಅಷ್ಟರಲ್ಲಿ ಹೆಣ್ಣು ಬೆಕ್ಕು ಎದ್ದು ಮೈಮುರಿದು, ನಾಲ್ಕೂ ಮರಿಗಳನ್ನು ಜನಾಬಾಯಿಯ ಮಡಿಲಿಗೆ ಬಿಟ್ಟು, ಮಾಳಿಗೆಯ ಮೆಟ್ಟಿಲು ಹತ್ತತೊಡಗಿತ್ತು.